ಒಂದು ಮಾತಿನ ವ್ಯಾಜ್ಯ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕನ್ನಡನಾಡಿನ ಮಕ್ಕಳು ಅಕ್ಷರಾಭ್ಯಾಸಕ್ಕೆ ಮೊದಲೇ ಕಲಿಯುತ್ತಾರೆ. ಕಲಿತುದು ನಾಲಗೆಗೆ ಹತ್ತುವಷ್ಟು ಸುಲಭವಾಗಿ ನಡತೆಗೆ ಹತ್ತುವುದಿಲ್ಲ. ಬಚ್ಚಲ ನೀರು ನೆರೆಯವನ ಅಂಗಳಕ್ಕೆ ಹರಿಯಿತೆಂದೋ, ಹಿತ್ತಲ ನುಗ್ಗೆಯ ಕೊಂಬೆ ಬೇಲಿಯನ್ನು ದಾಟಿತೆಂದೋ ಮೊದಲಾದ ಕಲಹವು ತಂದೆಯಿಂದ ಮಗನಿಗೆ ಇಳಿದುಬಂದು, ಮನೆಯ ತಾಮ್ರದ ಹಂಡೆಯನ್ನೂ ವಕೀಲರ ಫೀಜಿಗಾಗಿ ಮಾರಿಸಿದ ಸಂಗತಿಯನ್ನು ಕಾಣದ ಊರು ಯಾವುದೂ ಇರಲಾರದು. ಅಂತಹ ಕಲಹಗಳ ಮೂಲವನ್ನು ಶೋಧಿಸಿದರೆ ಒಂದು ವಿಚಿತ್ರವು ಗೋಚರವಾಗುತ್ತದೆ. ನೀರಿಗಾಗಿ ಬಡಿದಾಡಿದವರು ಯಾರೂ ಇಲ್ಲ. ನೀರು ಹರಿದ ದಿನ ಕೇಳಿಬಂದ ಒಂದು ಮಾತಿಗಾಗಿ ಬಡಿದಾಡಿದವರೇ ಎಲ್ಲರೂ. ಮಯನು ಕಟ್ಟಿದ ಸಭೆಯಲ್ಲಿ ನೆಲವೆಂದು ಭ್ರಮಿಸಿ ಕೊಳಕ್ಕೆ ಬಿದ್ದ ದುರ್ಯೋಧನನ ಬಟ್ಟೆಯು ಅರೆಗಳಿಗೆಯಲ್ಲಿ ಒಣಗಿರಬೇಕು. ಆಗ ಕೇಳಿದ ನಗೆ ಮಾತ್ರ ಕುರುಕ್ಷೇತ್ರದವರೆಗೂ ಒಣಗಲಿಲ್ಲ.

ಇದೇ ತತ್ತ್ವವನ್ನು ಒಂದು ವ್ಯಾಜ್ಯದ ರೂಪದಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸುವ ಚಲಚ್ಚಿತ್ರವೊಂದು 2017ನೆಯ ಇಸವಿಯಲ್ಲಿ ಲೆಬನಾನ್ ದೇಶದಿಂದ ಹೊರಬಂದಿತು. ಅರಬ್ಬೀ ಭಾಷೆಯಲ್ಲಿ ಅದರ ಹೆಸರಿಗೆ ‘23ನೆಯ ನಂಬರಿನ ಮೊಕದ್ದಮೆ’ ಎಂದು ಅರ್ಥ. ಹೊರದೇಶಗಳಲ್ಲಿ ಅದು ‘ದಿ ಇನ್ಸಲ್ಟ್’, ಎಂದರೆ ‘ಅವಮಾನ’, ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅದರ ನಿರ್ದೇಶಕನು ಜಿಯಾದ್ ದುವೈರಿ. ಕಥೆಯನ್ನು ಆತನೂ ಜೊಯೆಲ್ ತೂಮಾ ಎಂಬಾಕೆಯೂ ಕೂಡಿ ರಚಿಸಿದರು. 2018ರಲ್ಲಿ ಅಮೆರಿಕದ ಆಸ್ಕರ್ ಪಾರಿತೋಷಕದ ಅಂತಿಮ ಪಟ್ಟಿಗೆ ಸೇರಿದ ಲೆಬನಾನಿನ ಮೊಟ್ಟಮೊದಲನೆಯ ಚಿತ್ರವೆಂಬ ಗೌರವವು ಇದಕ್ಕೆ ಸಂದಿತು. ಅದಕ್ಕಿಂತ ಮೊದಲೇ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಇದರ ಪಾತ್ರಧಾರಿಗಳಲ್ಲೊಬ್ಬನಾದ ಕಾಮೆಲ್ ಅಲ್ ಬಾಷಾ ಎಂಬ ಪ್ಯಾಲೆಸ್ತೀನಿನ ನಟನಿಗೆ ಉತ್ತಮ ನಟನೆಂಬ ಪಾರಿತೋಷಕವು ದೊರೆತಿತ್ತು. ಇವೆಲ್ಲವೂ ಹೊರಗಿನ ಮರ್ಯಾದೆಗಳು. ಚಿತ್ರದ ತಿರುಳು ಇರುವುದು ಒಂದು ಪ್ರಶ್ನೆಯಲ್ಲಿ. ಒಬ್ಬನಿಗೆ ಮಾತಿನಿಂದ ಆದ ಗಾಯವನ್ನು ನ್ಯಾಯಸ್ಥಾನವು ಅಳೆಯಬಲ್ಲುದೇ? ಅಳೆದರೂ ವಾಸಿಮಾಡಬಲ್ಲುದೇ?

ಕಥೆಯನ್ನು ತಿಳಿಯುವುದಕ್ಕೆ ಮುಂಚೆ ಆ ದೇಶದ ಸ್ಥಿತಿಯನ್ನು ಸ್ವಲ್ಪ ಅರಿತಿರಬೇಕು. ಮೆಡಿಟರೇನಿಯನ್ ಸಮುದ್ರದ ಪೂರ್ವತೀರದಲ್ಲಿರುವ ಲೆಬನಾನಿನ ವಿಸ್ತೀರ್ಣವು 10,452 ಚದರ ಕಿಲೋಮೀಟರು ಮಾತ್ರ. ಇಷ್ಟು ಸಣ್ಣ ಸೀಮೆಯಲ್ಲಿ ಸರಕಾರವು ಅಂಗೀಕರಿಸಿರುವ 18 ಮತಪಂಗಡಗಳಿವೆ. ಮನೆಗೆ ಎಷ್ಟು ಜನವೆಂಬುದನ್ನು ಎಣಿಸಿದರೆ ಯಾರಿಗೆ ಎಷ್ಟು ಪಾಲೆಂಬ ಪ್ರಶ್ನೆಯೂ ಎದ್ದೀತೆಂಬ ಭಯದಿಂದ, 1932ರ ತರುವಾಯ ಅಲ್ಲಿ ಅಧಿಕೃತವಾದ ಜನಗಣತಿಯೇ ನಡೆಯಲಿಲ್ಲ. 1948ರಲ್ಲಿ ಇಸ್ರೇಲ್ ರಾಜ್ಯವು ಸ್ಥಾಪಿತವಾದಾಗ ಪ್ಯಾಲೆಸ್ತೀನಿನಿಂದ ಹೊರದೂಡಲ್ಪಟ್ಟವರಲ್ಲಿ ಬಹುಮಂದಿ ಲೆಬನಾನಿಗೆ ಬಂದು ಶಿಬಿರಗಳಲ್ಲಿ ನೆಲೆಸಿದರು. ಹಿಂದಿರುಗುವ ದಿನವು ಬರಲಿಲ್ಲ. ಶಿಬಿರದಲ್ಲಿ ಹುಟ್ಟಿದವರು ಶಿಬಿರದಲ್ಲಿಯೇ ಮುದುಕರಾದರು. ಅನೇಕ ವೃತ್ತಿಗಳು ಕಾನೂನಿನ ಮೂಲಕ ಅವರಿಗೆ ಮುಚ್ಚಿಹೋದವು. ಅವರಲ್ಲಿ ಆಯುಧ ಹಿಡಿದವರೂ ಇದ್ದರು. 1975ನೆಯ ಇಸವಿ ಏಪ್ರಿಲ್ 13ರಂದು ಬೇರೂತು ನಗರದಲ್ಲಿ ಹೊತ್ತಿದ ಕಿಡಿಯು ಅಂತರ್ಯುದ್ಧವಾಗಿ 1990ರವರೆಗೆ ಆ ದೇಶವನ್ನು ಸುಟ್ಟಿತು. ಕ್ರೈಸ್ತರು, ಮುಸಲ್ಮಾನರು, ಪ್ಯಾಲೆಸ್ತೀನಿಯರು ಎಂಬ ಭೇದವಿಲ್ಲದೆ ಎಲ್ಲರೂ ಕೊಂದರು, ಎಲ್ಲರೂ ಸತ್ತರು. ಬೀದಿಗಳು ಕ್ರಮೇಣ ರಿಪೇರಿಯಾದವು. ಮನಸ್ಸುಗಳನ್ನು ರಿಪೇರಿಮಾಡುವ ಕೆಲಸಕ್ಕೆ ಯಾರೂ ಕೈಹಚ್ಚಲಿಲ್ಲ.

ಚಿತ್ರದ ಕಥೆಯು ಬೇರೂತಿನ ಪೂರ್ವಭಾಗದಲ್ಲಿರುವ ಒಂದು ಕ್ರೈಸ್ತರ ಕೇರಿಯಲ್ಲಿ ಆರಂಭವಾಗುತ್ತದೆ. ಟೋನಿ ಹನ್ನಾ ಎಂಬಾತನು ಮೋಟಾರು ರಿಪೇರಿಯ ಅಂಗಡಿಯನ್ನಿಟ್ಟುಕೊಂಡವನು. ಕೆಲಸದಲ್ಲಿ ನಿಷ್ಠಾವಂತ, ಕೋಪದಲ್ಲಿ ದೂರ್ವಾಸ, ಕ್ರೈಸ್ತ ಪಕ್ಷವೊಂದರ ಅಭಿಮಾನಿ. ಆತನ ಪತ್ನಿ ಶಿರೀನ್ ಗರ್ಭಿಣಿ. ಯಾಸೆರ್ ಸಲಾಮೆ ಎಂಬಾತನು ಪ್ಯಾಲೆಸ್ತೀನಿನ ನಿರಾಶ್ರಿತ; ಇಂಜಿನಿಯರ್ ವಿದ್ಯೆಯನ್ನು ಕಲಿತಿದ್ದರೂ ಆ ಅಂತಸ್ತಿನ ಕೆಲಸಕ್ಕೆ ಹಕ್ಕಿಲ್ಲದೆ, ಕಟ್ಟಡಗಳ ರಿಪೇರಿಯಲ್ಲಿ ಮೇಸ್ತ್ರಿಯಾಗಿ ದುಡಿಯುವವನು. ಮಿತಭಾಷಿ. ಒಂದು ದಿನ ಟೋನಿ ಬಾಲ್ಕನಿಯ ಗಿಡಗಳಿಗೆ ನೀರು ಹಾಕುತ್ತಿರಲು, ನಿಯಮಕ್ಕೆ ವಿರುದ್ಧವಾಗಿ ಬೀದಿಯ ಕಡೆಗೆ ಬಾಯಿ ತೆರೆದಿದ್ದ ಕೊಳವೆಯಿಂದ ಆ ನೀರು ಕೆಳಗೆ ನಿಂತಿದ್ದ ಕೆಲಸಗಾರರ ತಲೆಯ ಮೇಲೆ ಸುರಿಯುತ್ತದೆ. ಕೊಳವೆಯನ್ನು ಸರಿಮಾಡಿಕೊಡುತ್ತೇವೆಂದು ಯಾಸೆರನು ಮನೆಯ ಬಾಗಿಲಿಗೆ ಬಂದರೆ ಟೋನಿ ಬಾಗಿಲನ್ನು ಮುಚ್ಚುತ್ತಾನೆ. ಯಾಸೆರನ ಕೆಲಸಗಾರರು ಹೊರಗಿನಿಂದಲೇ ಹೊಸ ಕೊಳವೆಯನ್ನು ಜೋಡಿಸುತ್ತಾರೆ. ಟೋನಿ ಸುತ್ತಿಗೆಯಿಂದ ಅದನ್ನು ಒಡೆದುಹಾಕುತ್ತಾನೆ. ಆಗ ಯಾಸೆರನ ಬಾಯಿಂದ ಒಂದು ಹೊಲಸು ಬೈಗುಳವು ಹೊರಬೀಳುತ್ತದೆ.

ಇಷ್ಟೇ. ಕೊಳವೆಯ ಬೆಲೆ ಎಷ್ಟು? ಬೈಗುಳದ ತೂಕವೆಷ್ಟು? ಸಂತೆಯಲ್ಲಿ ದಿನಕ್ಕೆ ನೂರು ಬಾರಿ ಕೇಳಿಬರುವಂತಹುದೇ ಅದು. ಆದರೆ ಟೋನಿಯು ಪಟ್ಟುಹಿಡಿದು, ಆ ಮನುಷ್ಯನು ತಾನಾಗಿ ಬಂದು ಕ್ಷಮೆ ಕೇಳಲೇಬೇಕೆನ್ನುತ್ತಾನೆ. ಯಾಸೆರನ ಯಜಮಾನನು ಚಾಕೊಲೇಟಿನ ಪೆಟ್ಟಿಗೆಯನ್ನು ಹಿಡಿದು ಸಮಾಧಾನಕ್ಕೆ ಬಂದರೂ ಟೋನಿಗೆ ಬೇಕಾದುದು ಸಿಹಿಯಲ್ಲ, ಒಂದು ಮಾತು. ಕಡೆಗೆ ಯಜಮಾನನ ಒತ್ತಾಯದಿಂದ ಯಾಸೆರನು ಟೋನಿಯ ಅಂಗಡಿಗೆ ಬರುತ್ತಾನೆ. ಅಲ್ಲಿ ಟೆಲಿವಿಷನ್ನಿನಲ್ಲಿ ಬಶೀರ್ ಜೆಮಾಯೆಲ್ ಎಂಬ ಕ್ರೈಸ್ತ ನಾಯಕನ ಹಳೆಯ ಭಾಷಣವು ಪ್ಯಾಲೆಸ್ತೀನಿಯರ ವಿರುದ್ಧ ಗರ್ಜಿಸುತ್ತಿರುತ್ತದೆ. ಬಾಯಿಗೆ ಬಂದಿದ್ದ ಕ್ಷಮೆಯು ಗಂಟಲಲ್ಲಿ ನಿಲ್ಲುತ್ತದೆ. ಅದು ನಿಂತುದನ್ನು ಕಂಡು ಟೋನಿ, ಅರಿಯೆಲ್ ಶರೋನನು ಅವರ ಸಂತತಿಯನ್ನೇ ಅಳಿಸಿಹಾಕಿದ್ದರೆ ಚೆನ್ನಾಗಿತ್ತೆಂಬ ಅರ್ಥದ ಮಾತನ್ನಾಡುತ್ತಾನೆ. ಯಾಸೆರನ ಮುಷ್ಟಿಯು ಟೋನಿಯ ಎರಡು ಪಕ್ಕೆಲುಬುಗಳನ್ನು ಮುರಿಯುತ್ತದೆ.

ಈ ಮಾತಿನ ಭಾರವನ್ನು ತಿಳಿಯಬೇಕಾದರೆ 1982ನೆಯ ಇಸವಿಯನ್ನು ಸ್ಮರಿಸಬೇಕು. ಆ ವರ್ಷ ಶರೋನನು ಇಸ್ರೇಲಿನ ರಕ್ಷಣಾಮಂತ್ರಿಯಾಗಿದ್ದನು. ಆತನ ಸೇನೆಯು ಬೇರೂತನ್ನು ಮುತ್ತಿತ್ತು. ರಾಷ್ಟ್ರಾಧ್ಯಕ್ಷಪದವಿಗೆ ಚುನಾಯಿತನಾಗಿದ್ದ ಜೆಮಾಯೆಲನು ಸೆಪ್ಟೆಂಬರ್ 14ರಂದು ಬಾಂಬಿಗೆ ಬಲಿಯಾದನು. ಅದೇ ತಿಂಗಳು 16ರಿಂದ 18ರವರೆಗೆ, ಇಸ್ರೇಲಿನ ಸೇನೆಯು ಸುತ್ತುವರಿದಿದ್ದ ಸಬ್ರಾ ಮತ್ತು ಶತೀಲಾ ಎಂಬೆಡೆಗಳಿಗೆ ನುಗ್ಗಿದ ಕ್ರೈಸ್ತ ದಳದವರು ಹೆಂಗಸರು ಮಕ್ಕಳೆನ್ನದೆ ನಿರಾಯುಧರನ್ನು ಕೊಂದರು. ಇಸ್ರೇಲಿನ ವಿಚಾರಣಾಸಮಿತಿಯೇ 1983ರಲ್ಲಿ ಈ ವಿಷಯದಲ್ಲಿ ಶರೋನನ ಮೇಲೆ ವೈಯಕ್ತಿಕ ಹೊಣೆಯನ್ನು ಹೊರಿಸಿತು. ಹೀಗಿರಲು ಪ್ಯಾಲೆಸ್ತೀನಿನವನೊಬ್ಬನ ಮುಖಕ್ಕೆ ಆ ಹೆಸರನ್ನು ಎತ್ತಿ ಆಡಿದ ಮಾತು ಬರಿಯ ಬೈಗುಳವಾಗಿ ಉಳಿಯಲಿಲ್ಲ. ಒಂದು ಸ್ಮಶಾನವನ್ನು ಅಗೆದು ಎದುರಿಗಿಟ್ಟಂತಾಯಿತು.

ಟೋನಿಯು ನ್ಯಾಯಸ್ಥಾನಕ್ಕೆ ಹೋಗುತ್ತಾನೆ. ಮೊದಲನೆಯ ವಿಚಾರಣೆಯಲ್ಲಿ ಇರ್ವರಿಗೂ ವಕೀಲರಿಲ್ಲ. ಯಾಸೆರನು ಹೊಡೆದುದನ್ನು ಒಪ್ಪಿಕೊಳ್ಳುತ್ತಾನೆ. ಏತಕ್ಕೆ ಹೊಡೆದೆಯೆಂದು ನ್ಯಾಯಾಧೀಶರು ಕೇಳಿದರೆ ಸುಮ್ಮನಿರುತ್ತಾನೆ. ಏನೆಂದೆಯೆಂದು ಟೋನಿಯನ್ನು ಕೇಳಿದರೆ ಅವನೂ ಆ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ಯಾವ ಮಾತಿಗಾಗಿ ಇಷ್ಟೆಲ್ಲವೂ ನಡೆಯಿತೋ ಆ ಮಾತು ಮಾತ್ರ ನ್ಯಾಯಸ್ಥಾನದ ದಾಖಲೆಗೆ ಬರುವುದಿಲ್ಲ. ಕಡೆಗೆ ನ್ಯಾಯಾಧೀಶರು ವ್ಯಾಜ್ಯವನ್ನು ವಜಾಮಾಡಿ ಇಬ್ಬರನ್ನೂ ಕಳುಹಿಸುತ್ತಾರೆ.

ಚಿತ್ರದಲ್ಲಿ ಇದು ಸಣ್ಣ ಘಟನೆ. ಮುಂದೆ ಬರುವ ವಾದಪ್ರತಿವಾದಗಳ ಅಬ್ಬರದಲ್ಲಿ ಇದು ಮರೆತುಹೋಗುವುದೂ ಉಂಟು. ಆದರೆ ವಿಚಾರಮಾಡಿ ನೋಡುವವರಿಗೆ ಇಡೀ ಕಥೆಯ ಬೀಗದಕೈ ಇಲ್ಲಿಯೇ ದೊರೆಯುತ್ತದೆ. ಆ ಮಾತನ್ನು ಹೇಳಿದ್ದರೆ ಯಾಸೆರನ ತಪ್ಪು ಅರ್ಧವಾಗಿ ಇಳಿಯುತ್ತಿತ್ತು. ಆದರೂ ಅವನು ಹೇಳಲಿಲ್ಲ. ಕೇಳಿದಾಗ ಒಂದು ಬಾರಿ ಆದ ಗಾಯವನ್ನು ಹತ್ತು ಜನರೆದುರು ತನ್ನ ಬಾಯಿಂದಲೇ ಎರಡನೆಯ ಬಾರಿ ಮಾಡಿಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ. ಟೋನಿಯು ಹೇಳದಿದ್ದುದು ನಾಚಿಕೆಯಿಂದ. ಅಂಗಡಿಯಲ್ಲಿ ನಿರ್ಭಯವಾಗಿ ಆಡಿದ ಮಾತು ನ್ಯಾಯಪೀಠದ ಎದುರಿಗೆ ನಾಲಗೆಗೆ ಭಾರವಾಯಿತು. ನಾಚಿಕೆಯಿರುವಲ್ಲಿ ಧರ್ಮವು ಪೂರ್ತಿಯಾಗಿ ಸತ್ತಿಲ್ಲವೆಂದು ಹಿರಿಯರು ತಿಳಿದಿದ್ದರು. ಆ ದಿನ ಆ ಇರ್ವರೂ ಪರಸ್ಪರ ವಿರೋಧಿಗಳಾಗಿ ನಿಂತಿದ್ದರೂ ಒಂದು ವಿಷಯದಲ್ಲಿ ಒಮ್ಮತದಿಂದಿದ್ದರು: ಆ ಮಾತು ಆಡಬಾರದ ಮಾತು. ರಾಜಿಯ ಬೀಜವು ಆ ಮೌನದಲ್ಲಿ ಬಿದ್ದಿತ್ತು, ಅದಕ್ಕೆ ನೀರೆರೆಯುವವರಿರಲಿಲ್ಲ.

ಅನಂತರ ದುರ್ದೈವವು ಕೈಹಾಕುತ್ತದೆ. ಮುರಿದ ಪಕ್ಕೆಲುಬುಗಳಿಂದಲೇ ಕೆಲಸಕ್ಕೆ ನಿಂತ ಟೋನಿಯು ಬ್ಯಾಟರಿಯನ್ನು ಎತ್ತಿ ಕುಸಿದುಬೀಳುತ್ತಾನೆ. ಅವನ ಸಹಾಯಕ್ಕೆ ಧಾವಿಸಿದ ಶಿರೀನಳಿಗೆ ಅಕಾಲದಲ್ಲಿ ಹೆರಿಗೆಯಾಗುತ್ತದೆ. ಕೂಸು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಪ್ರಾಣಕ್ಕಾಗಿ ಹೋರಾಡುತ್ತದೆ. ವ್ಯಾಜ್ಯವು ಅಪೀಲಿಗೆ ಹೋಗುತ್ತದೆ. ಈಗ ವಕೀಲರು ಬರುತ್ತಾರೆ. ಟೋನಿಯ ಪಕ್ಷಕ್ಕೆ ವಾಜ್ದಿ ವೆಹ್ಬೆ ಎಂಬ ಹೆಸರಾಂತ ಹಿರಿಯ ವಕೀಲ. ಯಾಸೆರನ ಪಕ್ಷಕ್ಕೆ ನಾದೀನ್ ಎಂಬ ತರುಣಿ. ಈಕೆಯು ಆ ಹಿರಿಯ ವಕೀಲನ ಮಗಳೆಂಬುದು ವಿಚಾರಣೆ ನಡೆಯುತ್ತಿರುವಾಗ ಬಯಲಾಗುತ್ತದೆ. ದೇಶದ ಒಡಕು ಒಂದು ಮನೆಯ ಊಟದ ಮೇಜಿನವರೆಗೂ ಹಬ್ಬಿದೆಯೆಂಬುದನ್ನು ಕಥೆಗಾರರು ಇಷ್ಟರಲ್ಲೇ ಸೂಚಿಸಿದ್ದಾರೆ.

ವಕೀಲರು ಬಂದಮೇಲೆ ಕೊಳವೆಯ ಮಾತು ಹಿಂದಾಗುತ್ತದೆ. ಎರಡು ಪಕ್ಷದವರೂ ಸಭಾಂಗಣದಲ್ಲಿ ತುಂಬಿಕೊಂಡು ಕೂಗಾಡುತ್ತಾರೆ. ಪತ್ರಿಕೆಗಳು ತಲೆಬರಹಗಳನ್ನು ಅಚ್ಚುಮಾಡುತ್ತವೆ. ಬೀದಿಯಲ್ಲಿ ಬೆಂಕಿಯೇಳುತ್ತದೆ. ಟೋನಿ ಯಾರೆಂಬುದನ್ನಾಗಲಿ ಯಾಸೆರ್ ಯಾರೆಂಬುದನ್ನಾಗಲಿ ಅರಿಯದ ತರುಣರು ಇವರಿಬ್ಬರ ಹೆಸರಿನಲ್ಲಿ ಹೊಡೆದಾಡುತ್ತಾರೆ. ದೇಶದ ಅಧ್ಯಕ್ಷನೇ ಇರ್ವರನ್ನೂ ಕರೆಯಿಸಿ ಬುದ್ಧಿ ಹೇಳಿದರೂ ಪ್ರಯೋಜನವಾಗುವುದಿಲ್ಲ. ವ್ಯಾಜ್ಯವನ್ನು ಹೂಡುವ ತನಕ ಅದು ಕಕ್ಷಿಗಾರನದು. ಹೂಡಿದಮೇಲೆ ಅದು ಊರಿನವರೆಲ್ಲರ ಸ್ವತ್ತು. ಟೋನಿ ಕೇಳಿದುದು ಒಂದು ಮಾತನ್ನು. ಆತನ ಹೆಸರಿನಲ್ಲಿ ಇತರರು ಕೇಳತೊಡಗಿದುದು ಹಳೆಯ ಯುದ್ಧದ ಬಾಕಿಯನ್ನು.

ಆ ಬಾಕಿಯ ಒಂದು ಪುಟವು ನ್ಯಾಯಸ್ಥಾನದಲ್ಲಿ ತೆರೆಯುತ್ತದೆ. ಬೇರೂತಿಗೆ ದಕ್ಷಿಣದಲ್ಲಿ, ಸುಮಾರು 20 ಕಿಲೋಮೀಟರು ದೂರದ ಸಮುದ್ರತೀರದಲ್ಲಿ, ದಾಮೂರ್ ಎಂಬ ಕ್ರೈಸ್ತರ ಊರಿದೆ. 1976ನೆಯ ಇಸವಿ ಜನವರಿ 18ರಂದು ಬೇರೂತಿನ ಕರಂತೀನಾ ಎಂಬ ಬಡಕೇರಿಯಲ್ಲಿ ಕ್ರೈಸ್ತ ದಳಗಳು ಮುಸಲ್ಮಾನರನ್ನು ಕೊಂದುದಕ್ಕೆ ಪ್ರತೀಕಾರವಾಗಿ, 20ರಂದು ಪ್ಯಾಲೆಸ್ತೀನಿನ ದಳಗಳೂ ಅವುಗಳ ಮಿತ್ರದಳಗಳೂ ದಾಮೂರಿಗೆ ನುಗ್ಗಿ ನೂರಾರು ಮಂದಿಯನ್ನು ಕೊಂದವು. ಉಳಿದವರು ಸಮುದ್ರಮಾರ್ಗವಾಗಿ ಓಡಿದರು. ಟೋನಿಯು ಆ ಊರಿನ ಕೂಸು. ಆಗ ಆತನಿಗೆ ಆರು ವರ್ಷ. ಅಂದು ಕಂಡುದನ್ನು ಆತನು ಹೊರಗೆ ಎತ್ತಿ ಆಡುವವನಲ್ಲ. ವಕೀಲನು ಆ ಊರಿನ ಹಳೆಯ ಚಿತ್ರಗಳನ್ನು ತೆರೆಯ ಮೇಲೆ ತೋರಿಸತೊಡಗಲು ಟೋನಿಯು ಸಹಿಸಲಾರದೆ ಎದ್ದು ಹೊರಟುಹೋಗುತ್ತಾನೆ. ಅಷ್ಟು ದಿನ ಹಟಮಾರಿಯೆಂದು ತೋರುತ್ತಿದ್ದವನು ಆ ಕ್ಷಣದಲ್ಲಿ ಬಾಳೆಯ ತೋಟಗಳ ನಡುವೆ ಓಡಿಬಂದ ಆರು ವರ್ಷದ ಹುಡುಗನಾಗಿ ಕಾಣುತ್ತಾನೆ. ಯಾಸೆರನು ಕುಳಿತಲ್ಲಿಯೇ ಅದನ್ನು ನೋಡುತ್ತಾನೆ. ತನ್ನ ವೈರಿಯೂ ತನ್ನಂತೆ ಊರು ಕಳೆದುಕೊಂಡವನೆಂಬುದು ಅವನಿಗೆ ಅಂದೇ ತಿಳಿಯುತ್ತದೆ.

ಇಲ್ಲಿ ಚಿತ್ರದಲ್ಲಿ ಹೇಳದಿರುವ ಒಂದು ಸಂಗತಿಯನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಅದೇ 1976ರ ಆಗಸ್ಟ್ 12ರಂದು ಕ್ರೈಸ್ತ ದಳಗಳ ಮುತ್ತಿಗೆಯಿಂದ ತೆಲ್ ಅಲ್ ಜಾತರ್ ಎಂಬ ಪ್ಯಾಲೆಸ್ತೀನಿಯರ ಶಿಬಿರವು ಬಿದ್ದಿತು. ಅಲ್ಲಿ ಕೊಲೆಗೆ ತಪ್ಪಿಸಿಕೊಂಡ ಅನೇಕ ಕುಟುಂಬಗಳಿಗೆ ತಂಗಲು ದೊರೆತುದು ದಾಮೂರಿನ ಹಾಳುಮನೆಗಳು. ಒಬ್ಬರು ಅಳುತ್ತ ಬಿಟ್ಟುಹೋದ ಮನೆಗೆ ಇನ್ನೊಬ್ಬರು ಅಳುತ್ತ ಬಂದು ಸೇರಿದರು. ಆ ಗೋಡೆಗಳಿಗೆ ಬಾಯಿದ್ದಿದ್ದರೆ ಎರಡು ಕಡೆಯ ವಾದವನ್ನೂ ಅವೇ ಮಂಡಿಸುತ್ತಿದ್ದವು.

ಇಂತಹ ದುಃಖವು ಮೂವತ್ತು ನಲವತ್ತು ವರ್ಷಗಳ ತರುವಾಯ ಒಂದು ಕೊಳವೆಯ ಬಾಯಿಂದ ಹೊರಬರಲು ಕಾರಣವೇನು? ಕಾರಣವು ಆ ದೇಶದ ಕಾನೂನಿನಲ್ಲಿಯೂ ಇದೆ, ಪಾಠಶಾಲೆಯಲ್ಲಿಯೂ ಇದೆ. ಯುದ್ಧವು ಮುಗಿದಮೇಲೆ 1991ನೆಯ ಇಸವಿ ಆಗಸ್ಟ್ 26ರಂದು ಲೆಬನಾನಿನ ಶಾಸನಸಭೆಯು ಸಾರ್ವತ್ರಿಕ ಕ್ಷಮಾದಾನದ ಕಾನೂನನ್ನು ಅಂಗೀಕರಿಸಿತು. ಯುದ್ಧಕಾಲದ ಅಪರಾಧಗಳು ಅದರಿಂದ ಮಾಫಿಯಾದವು. ರಾಜಕೀಯ ಮತ್ತು ಧಾರ್ಮಿಕ ನಾಯಕರ ಕೊಲೆಗಳಿಗೆ ಮಾತ್ರ ಆ ಕ್ಷಮೆಯು ಅನ್ವಯಿಸಲಿಲ್ಲ. ನಾಯಕನನ್ನು ಕೊಂದವನಿಗೆ ವಿಚಾರಣೆ, ನಾಯಕನ ಮಾತನ್ನು ಕೇಳಿ ನೆರೆಯವನನ್ನು ಕೊಂದವನಿಗೆ ಮನ್ನಣೆ ಎಂಬಂತಾಯಿತು. ಕೊಂದವರು ಕ್ಷಮೆ ಕೇಳಿರಲಿಲ್ಲ, ನೊಂದವರು ಕ್ಷಮಿಸಿರಲಿಲ್ಲ, ನಡುವೆ ನಿಂತ ಸರಕಾರವು ಎರಡನ್ನೂ ತಾನೇ ಮಾಡಿ ಕಡತವನ್ನು ಕಟ್ಟಿಟ್ಟಿತು. ಯುದ್ಧದಲ್ಲಿ ಕಾಣೆಯಾದವರ ಸಂಖ್ಯೆ ಸುಮಾರು 17,000 ಎಂದು ಹೇಳುವುದು ವಾಡಿಕೆ. ಅವರ ಗತಿಯೇನಾಯಿತೆಂದು ತಿಳಿಯುವ ಹಕ್ಕು ಕುಟುಂಬಗಳಿಗೆ ಇದೆಯೆಂದು ಒಂದು ಕಾನೂನು ಹುಟ್ಟಲು 2018ನೆಯ ಇಸವಿಯವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಮಗನ ದಾರಿಯನ್ನು ಕಾಯುತ್ತಿದ್ದ ಎಷ್ಟೋ ತಾಯಂದಿರು ತಾವೇ ಇಲ್ಲವಾಗಿದ್ದರು.

ಪಾಠಶಾಲೆಯ ಮಾತೂ ಇದಕ್ಕಿಂತ ಭಿನ್ನವಲ್ಲ. 1989ರ ತಾಯಿಫ್ ಒಪ್ಪಂದದಲ್ಲಿ, ದೇಶದ ಮಕ್ಕಳೆಲ್ಲರಿಗೂ ಒಂದೇ ಚರಿತ್ರೆಯ ಪುಸ್ತಕವಿರಬೇಕೆಂದು ನಿಶ್ಚಯಿಸಿದರು. ದಶಕಗಳು ಕಳೆದರೂ ಅಂತರ್ಯುದ್ಧದ ವಿಷಯವಾಗಿ ಎಲ್ಲ ಪಕ್ಷಗಳೂ ಒಪ್ಪುವ ಒಂದು ಪಾಠವು ಸಿದ್ಧವಾಗಲಿಲ್ಲ. ಸ್ವಾತಂತ್ರ್ಯಪ್ರಾಪ್ತಿಯ ಕಾಲಕ್ಕೆ, ಎಂದರೆ 1943ರ ಸುಮಾರಿಗೆ, ಚರಿತ್ರೆಯ ಪಾಠವು ನಿಂತುಬಿಡುತ್ತಿತ್ತು. ಉಪಾಧ್ಯಾಯನು ಹೇಳದೆ ಬಿಟ್ಟ ಪಾಠವನ್ನು ಬೀದಿಯು ಹೇಳಿಕೊಡುತ್ತದೆ. ಅಲ್ಲಿ ಪ್ರತಿಯೊಂದು ಕೇರಿಗೂ ಬೇರೆ ಬೇರೆ ಪುಸ್ತಕ. ಟೋನಿಯು ಜೆಮಾಯೆಲನ ಭಾಷಣಗಳಿಂದ ಕಲಿತುದು ಒಂದು ಪುಸ್ತಕ. ಯಾಸೆರನು ಶಿಬಿರದ ಓಣಿಗಳಲ್ಲಿ ಕಲಿತುದು ಇನ್ನೊಂದು. ಇರ್ವರಿಗೂ ತಮ್ಮ ತಮ್ಮ ಪಾಠವು ಕಂಠಸ್ಥವಾಗಿತ್ತು. ಎದುರಾಳಿಯ ಪುಸ್ತಕದ ಮೊದಲನೆಯ ಪುಟವನ್ನೂ ಯಾರೂ ಓದಿರಲಿಲ್ಲ.

ಆದರೂ ಬಾಯ್ತೆರೆದು ಕ್ಷಮೆ ಕೇಳಿದವರು ಆ ದೇಶದಲ್ಲಿ ಇಲ್ಲದಿರಲಿಲ್ಲ. ಕ್ರೈಸ್ತ ದಳದ ಗುಪ್ತಚರವಿಭಾಗದಲ್ಲಿ ಅಧಿಕಾರಿಯಾಗಿದ್ದ ಅಸಾದ್ ಶಫ್ತರಿ ಎಂಬಾತನು 2000ನೆಯ ಇಸವಿಯಲ್ಲಿ ತನ್ನ ಯುದ್ಧಕಾಲದ ಕೃತ್ಯಗಳಿಗಾಗಿ ಪತ್ರಿಕೆಯಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದನು. ಕಾನೂನು ಆತನನ್ನು ಕೇಳಿರಲಿಲ್ಲ. ಆತನ ಅಂತಃಕರಣವು ಕೇಳಿತ್ತು. 2008ರ ಜನವರಿಯಲ್ಲಿ ಪ್ಯಾಲೆಸ್ತೀನ್ ವಿಮೋಚನಾ ಸಂಸ್ಥೆಯ ಲೆಬನಾನಿನ ಪ್ರತಿನಿಧಿಯಾಗಿದ್ದ ಅಬ್ಬಾಸ್ ಜಕಿಯು, ತಮ್ಮವರಿಂದ ಲೆಬನಾನಿಗೆ ಆದ ಕೇಡಿಗಾಗಿ ಕ್ಷಮೆಯನ್ನು ಘೋಷಿಸಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ರೈಸ್ತ ಪಕ್ಷದ ನಾಯಕನಾದ ಸಮೀರ್ ಜಾಜಾ ಎಂಬಾತನೂ ಯುದ್ಧಕಾಲದ ತಪ್ಪುಗಳಿಗಾಗಿ ಸಾರ್ವಜನಿಕವಾಗಿ ಕ್ಷಮೆ ಕೇಳಿದನು. ಇವೆಲ್ಲವೂ ದೊಡ್ಡ ಮಾತುಗಳೇ. ಆದರೆ ವೇದಿಕೆಯ ಮೇಲಿನಿಂದ ಎಲ್ಲರಿಗೂ ಹೇಳಿದ ಕ್ಷಮೆಯು ಗ್ಯಾರೇಜಿನಲ್ಲಿ ನಿಂತ ಒಬ್ಬನ ಕಿವಿಯನ್ನು ಮುಟ್ಟುವುದು ಕಷ್ಟ. ಅದಕ್ಕೆ ಇನ್ನೊಬ್ಬನು ತಾನೇ ನಡೆದುಕೊಂಡು ಬರಬೇಕು.

ಚಿತ್ರದ ಶ್ರೇಷ್ಠಭಾಗವು ಆ ನಡೆದುಬರುವಿಕೆಯಲ್ಲಿದೆ. ಅಧ್ಯಕ್ಷನ ಭವನದಿಂದ ರಾಜಿಯಾಗದೆ ಹೊರಬಂದ ದಿನ ಯಾಸೆರನ ಮೋಟಾರು ಹೊರಡುವುದಿಲ್ಲ. ಮುಂದೆ ಹೋಗುತ್ತಿದ್ದ ಟೋನಿಯು ಕನ್ನಡಿಯಲ್ಲಿ ಅದನ್ನು ಕಂಡು, ಒಂದು ಕ್ಷಣ ಯೋಚಿಸಿ, ತನ್ನ ವಾಹನವನ್ನು ಹಿಂದಕ್ಕೆ ತಂದು ನಿಲ್ಲಿಸುತ್ತಾನೆ. ಇಳಿದು ಬಂದು ಮುಚ್ಚಳವನ್ನೆತ್ತಿ ದೋಷವನ್ನು ಸರಿಪಡಿಸಿ ಹೊರಟುಹೋಗುತ್ತಾನೆ. ಅಧ್ಯಕ್ಷನ ಉಪದೇಶವು ಮಾಡದ ಕೆಲಸವನ್ನು ಕಸುಬಿನ ಅಭ್ಯಾಸವು ಮಾಡಿತು. ಕೆಟ್ಟ ಯಂತ್ರವನ್ನು ಕಂಡು ಸುಮ್ಮನೆ ಹೋಗಲಾರದವನು ಟೋನಿ. ಕೆಟ್ಟ ಕೊಳವೆಯನ್ನು ಕಂಡು ಸುಮ್ಮನಿರಲಾರದವನು ಯಾಸೆರ್. ಇರ್ವರೂ ರಿಪೇರಿಯ ಜಾತಿಯವರೇ. ಜಗಳವು ಎದ್ದುದು ಕೂಡ ಆ ಸದ್ಗುಣದಿಂದಲೇ ಎಂಬುದನ್ನು ನೆನೆದರೆ ನಗುವೂ ಬರುತ್ತದೆ, ವ್ಯಸನವೂ ಆಗುತ್ತದೆ.

ದಾಮೂರಿನ ಚಿತ್ರಗಳನ್ನು ಕಂಡ ಬಳಿಕ ಯಾಸೆರನು ಒಂದು ರಾತ್ರಿ ಒಬ್ಬನೇ ಟೋನಿಯ ಅಂಗಡಿಗೆ ಬರುತ್ತಾನೆ. ಬಂದವನು ಕ್ಷಮೆ ಕೇಳುವುದಿಲ್ಲ, ಕೆಣಕತೊಡಗುತ್ತಾನೆ. ನಿಮ್ಮವರು ಸುಖದಲ್ಲಿ ಬೆಳೆದವರು, ಕಷ್ಟವೆಂಬುದನ್ನು ಕಂಡವರಲ್ಲ ಎಂಬ ಧಾಟಿಯಲ್ಲಿ ಒಂದರ ಮೇಲೊಂದು ಚುಚ್ಚುಮಾತು. ಟೋನಿಯ ಮುಷ್ಟಿಯು ತಡೆಯಲಾರದೆ ಯಾಸೆರನ ಹೊಟ್ಟೆಗೆ ಬೀಳುತ್ತದೆ. ಆ ಪೆಟ್ಟನ್ನು ತಿಂದು, ಉಸಿರನ್ನು ಹಿಡಿದುಕೊಂಡು, ಆಗ ಯಾಸೆರನು ಕ್ಷಮೆ ಕೇಳುತ್ತಾನೆ. ಕೇಳಿ ಹೊರಟುಹೋಗುತ್ತಾನೆ. ಸಾಕ್ಷಿಗಳಿಲ್ಲ, ವಕೀಲರಿಲ್ಲ, ಪತ್ರಿಕೆಯವರಿಲ್ಲ.

ಇದನ್ನು ತಂತ್ರವೆನ್ನಬಹುದು, ತಪಸ್ಸೆಂದರೂ ಸಲ್ಲುತ್ತದೆ. ತನ್ನ ಮುಷ್ಟಿಯು ಏಕೆ ಎದ್ದಿತೆಂಬುದನ್ನು ಯಾಸೆರನು ನ್ಯಾಯಸ್ಥಾನದಲ್ಲಿ ಬಾಯಿಂದ ಹೇಳಲಾರದೆ ಹೋಗಿದ್ದನು. ಈಗ ಅದನ್ನು ಟೋನಿಯ ಕೈಯಿಂದಲೇ ಹೇಳಿಸಿದನು. ಮಾತು ಮನುಷ್ಯನನ್ನು ಎಲ್ಲಿಗೆ ತಳ್ಳಬಲ್ಲುದೆಂಬುದು ಟೋನಿಗೆ ಉಪದೇಶದಿಂದ ತಿಳಿಯಲಿಲ್ಲ, ಸ್ವಾನುಭವದಿಂದ ತಿಳಿಯಿತು. ಇರ್ವರೂ ಆಡಬಾರದುದನ್ನು ಆಡಿದವರಾದರು, ಮಾಡಬಾರದುದನ್ನು ಮಾಡಿದವರಾದರು. ಒಬ್ಬನು ಮೇಲೆ ನಿಂತು ಇನ್ನೊಬ್ಬನು ಕೆಳಗೆ ನಿಂತಿರುವ ತನಕ ಕೇಳಿದ ಕ್ಷಮೆಯು ದೀನತೆಯಾಗುತ್ತದೆ, ಕೊಟ್ಟ ಕ್ಷಮೆಯು ದರ್ಪವಾಗುತ್ತದೆ. ನೆಲವು ಸಮನಾದ ಬಳಿಕವೇ ಆ ಮಾತಿಗೆ ಬೆಲೆ. ಯಾಸೆರನು ಒಂದು ಪೆಟ್ಟಿನ ಬೆಲೆಯನ್ನು ತೆತ್ತು ನೆಲವನ್ನು ಸಮಮಾಡಿದನು.

ಕಡೆಗೆ ತೀರ್ಪು ಬರುತ್ತದೆ. ಮೂವರು ನ್ಯಾಯಾಧೀಶರಲ್ಲಿ ಇಬ್ಬರ ಮತದಂತೆ ಯಾಸೆರನು ನಿರ್ದೋಷಿ. ಹೊರಗೆ ಜನರು ಜಯಕಾರ ಹಾಕುತ್ತಾರೆ, ಧಿಕ್ಕಾರ ಕೂಗುತ್ತಾರೆ. ಗೆದ್ದವನಾಗಲಿ ಸೋತವನಾಗಲಿ ಅದನ್ನು ಕೇಳಿಸಿಕೊಂಡಂತೆ ತೋರುವುದಿಲ್ಲ. ಗುಂಪಿನ ತಲೆಗಳ ಮೇಲಿಂದ ಇರ್ವರ ಕಣ್ಣುಗಳು ಸಂಧಿಸುತ್ತವೆ. ಟೋನಿಯ ಮುಖದಲ್ಲಿ ಮುಗುಳ್ನಗೆಯ ಒಂದು ಗೆರೆ ಸುಳಿಯುತ್ತದೆ. ಅವರ ವ್ಯಾಜ್ಯವು ಆ ರಾತ್ರಿಯೇ ತೀರ್ಮಾನವಾಗಿತ್ತು. ನ್ಯಾಯಸ್ಥಾನದಲ್ಲಿ ತೀರ್ಮಾನವಾದುದು ಊರಿನವರ ವ್ಯಾಜ್ಯ.

ಈ ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ದಾಮೂರಿನ ದುಃಖವನ್ನು ನ್ಯಾಯಸ್ಥಾನದಲ್ಲಿ ವಿಸ್ತಾರವಾಗಿ ತೋರಿಸಿದ ಕೈಯೇ ಶತೀಲಾದ ದುಃಖವನ್ನು ಒಂದು ಹೆಸರಿನ ಸೂಚನೆಯಲ್ಲಿ ಮುಗಿಸಿರುವುದು ತಕ್ಕಡಿಯನ್ನು ಕೊಂಚ ಬಾಗಿಸಿದೆ. ವಾದಮಂಡನೆಯಲ್ಲಿ ನಾಟಕದ ಅಬ್ಬರವೂ ಹೆಚ್ಚು. ಆದರೆ ರಚನೆಯ ಹಿಂದಿನ ಒಂದು ಸಂಗತಿಯು ಈ ದೋಷಗಳನ್ನು ಮನ್ನಿಸುವಂತೆ ಮಾಡುತ್ತದೆ. ದುವೈರಿಯು ಪ್ಯಾಲೆಸ್ತೀನಿಯರ ಪರವಾಗಿದ್ದ ಮುಸಲ್ಮಾನ ಕುಟುಂಬದಲ್ಲಿ ಹುಟ್ಟಿದವನು. ತೂಮಾ ಎಂಬಾಕೆಯು ಎದುರು ಪಕ್ಷದ ಕ್ರೈಸ್ತ ಕುಟುಂಬದವಳು. ಬರೆಯುವಾಗ ಅವರು ಪಕ್ಷಗಳನ್ನು ಅದಲುಬದಲು ಮಾಡಿಕೊಂಡು, ಕ್ರೈಸ್ತನ ಪರವಾದ ವಾದವನ್ನು ಆತನೂ ಪ್ಯಾಲೆಸ್ತೀನಿಯನ ಪರವಾದ ವಾದವನ್ನು ಆಕೆಯೂ ಬರೆದರಂತೆ. ದಂಪತಿಗಳಾಗಿದ್ದ ಅವರು ಬೇರೆಯಾಗುತ್ತಿದ್ದ ಕಾಲವದು. ಕಥೆಯ ಮೂಲವೂ ನಿರ್ದೇಶಕನ ಸ್ವಂತ ಬಾಳಿನದೇ: ಬಾಲ್ಕನಿಯ ಗಿಡಗಳಿಗೆ ಹಾಕಿದ ನೀರು, ಕೆಳಗಿದ್ದ ಕೆಲಸಗಾರ, ಬಾಯಿತಪ್ಪಿ ಬಂದ ಕಟುವಾಕ್ಯ. ಎದುರಾಳಿಯ ವಕಾಲತ್ತನ್ನು ಒಂದು ದಿನದ ಮಟ್ಟಿಗಾದರೂ ವಹಿಸಿ ನೋಡುವುದಕ್ಕಿಂತ ಉತ್ತಮವಾದ ಚಿಕಿತ್ಸೆಯು ಕೋಪಕ್ಕೆ ಇಲ್ಲ.

ಚಿತ್ರಕ್ಕೆ ಮರ್ಯಾದೆಯೊಡನೆ ಕಷ್ಟವೂ ಒದಗಿತು. 2017ರ ಸೆಪ್ಟೆಂಬರಿನಲ್ಲಿ ನಿರ್ದೇಶಕನು ಬೇರೂತಿನ ವಿಮಾನನಿಲ್ದಾಣಕ್ಕೆ ಬಂದಿಳಿದಾಗ, ಹಿಂದಿನ ಚಿತ್ರವೊಂದನ್ನು ಇಸ್ರೇಲಿನಲ್ಲಿ ತೆಗೆದನೆಂಬ ಕಾರಣದಿಂದ ಅಧಿಕಾರಿಗಳು ಅವನನ್ನು ತಡೆದರು; ಸೈನಿಕ ನ್ಯಾಯಸ್ಥಾನದ ಮುಂದೆ ವಿಚಾರಣೆಯಾಗಿ ಬಿಡುಗಡೆಯಾಯಿತು. ಅದೇ ವರ್ಷ ಪ್ಯಾಲೆಸ್ತೀನಿನ ರಾಮಲ್ಲಾ ನಗರದಲ್ಲಿ ಅದೇ ಆಕ್ಷೇಪಣೆಯಿಂದ ಈ ಚಿತ್ರದ ಪ್ರದರ್ಶನವು ನಿಂತುಹೋಯಿತು. ಎರಡು ಪಕ್ಷದವರ ಗಾಯವನ್ನೂ ತೋರಿಸಿದವನನ್ನು ಎರಡು ಕಡೆಯವರೂ ಬಾಗಿಲಲ್ಲಿ ನಿಲ್ಲಿಸಿ ಕೇಳಿದರು.

ಸಂಸ್ಕೃತದಲ್ಲಿ ಕ್ಷಮಾ ಎಂಬ ಶಬ್ದಕ್ಕೆ ತಾಳ್ಮೆಯೆಂದೂ ಅರ್ಥ, ಭೂಮಿಯೆಂದೂ ಅರ್ಥ. ಅಗೆದವನನ್ನೂ ಬಿತ್ತಿದವನನ್ನೂ ಒಂದೇ ಸಮನಾಗಿ ಹೊರುವವಳು ಅವಳೆಂದು ಪಾಠಶಾಲೆಗಳಲ್ಲಿ ಗುರುಗಳು ವಿವರಿಸುವುದುಂಟು. ಒಬ್ಬನು ಪ್ಯಾಲೆಸ್ತೀನಿನ ಭೂಮಿಯನ್ನು ಕಳೆದುಕೊಂಡವರ ಮಗ. ಇನ್ನೊಬ್ಬನು ದಾಮೂರಿನ ಭೂಮಿಯನ್ನು ಕಳೆದುಕೊಂಡ ಹುಡುಗ. ಭೂಮಿಯನ್ನು ಕಳೆದುಕೊಂಡವರಲ್ಲಿ ಕ್ಷಮೆಯೂ ಕಳೆದುಹೋಗಿದ್ದರೆ ಆಶ್ಚರ್ಯಪಡಬೇಕಾಗಿರಲಿಲ್ಲ. ಒಂದು ರಾತ್ರಿ, ಎಣ್ಣೆಯ ಕಲೆಗಳಿಂದ ಕೂಡಿದ ಗ್ಯಾರೇಜಿನ ನೆಲದ ಮೇಲೆ, ಅವರಿಗೆ ಎರಡನೆಯದು ದೊರೆಯಿತು. ಮೊದಲನೆಯದನ್ನು ದೊರಕಿಸಿಕೊಡುವುದು ರಾಜ್ಯಗಳ ಕೆಲಸ. ಎರಡನೆಯದು ಇಬ್ಬರು ಮನುಷ್ಯರ ಕೈಯಲ್ಲಿಯೇ ಇದೆ. ಬಚ್ಚಲ ನೀರಿಗಾಗಿ ಮಾತು ಬಿಟ್ಟಿರುವ ನೆರೆಹೊರೆಯವರು ಯಾವ ಊರಿನಲ್ಲಾದರೂ ಇದ್ದರೆ, ಅವರ ಮನೆಗಳ ನಡುವೆ ಇರುವ ದೂರವು ಬೇರೂತಿನ ಆ ಮೇಸ್ತ್ರಿಯು ಆ ರಾತ್ರಿ ನಡೆದುದಕ್ಕಿಂತ ಹೆಚ್ಚಿನದಾಗಿರಲಾರದು.